ಗುಡ್ಡದ ಬುಡದಲ್ಲಿ ಸಾಮಾನು ಕಾಯುವ ಹುದ್ದೆ

ಹುಮನಾಬಾದಿನ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರನಾಗಿದ್ದವನು ನಾನು. ನಿವೃತ್ತನಾಗಿ ಎರಡು ವರ್ಷವಾಯಿತು. ನನ್ನ ಖುರ್ಚಿಗೆ ಬಂದ ಹೊಸ ಮಾಸ್ತರು ಹೋದ ತಿಂಗಳು ಮನೆಗೆ ಬಂದಿದ್ದರು. ಬೆನ್ನ ಮೇಲೆ ಹೊಚ್ಚ ಹೊಸ ಚೀಲ. ಎಷ್ಟು ದೊಡ್ಡದು ಎಂದು ಕೇಳಿದೆ. "ಅರವತ್ತು ಲೀಟರ್ ರಿ" ಎಂದರು. ನಮ್ಮ ಕಡೆ ಹಾಲನ್ನೂ ಡೀಸೆಲನ್ನೂ ಲೀಟರಿನಲ್ಲಿ ಅಳೆಯುವುದು ಗೊತ್ತಿತ್ತು. ಚೀಲವನ್ನೂ ಅಳೆಯುತ್ತಾರೆಂದು ಅಂದು ತಿಳಿಯಿತು.

"ಸರ, ಈ ವರ್ಸ ಹಿಮಾಲಯದ ಕ್ಯಾಂಪ್ ನಾನೇ ಒಯ್ಯಬೇಕಂತ್ರಿ. ನಾಕ್ ಮಾತ್ ಹೇಳ್ರಿ" ಎಂದು ಕೇಳಿದರು. ನಾನು ಹೇಳಲು ಶುರು ಮಾಡಿದೆ. ಎರಡನೆಯ ತಾಸಿನಲ್ಲಿ ಅವರ ಹೆಂಡತಿಯ ಫೋನು ಬಂತು. ಅಷ್ಟು ಚುರುಕಾಗಿ ಎದ್ದು ಓಡಿದ ಮನುಷ್ಯ ಗುಡ್ಡವನ್ನೂ ಹತ್ತಿಯಾನು ಎಂದು ನನಗೆ ಭರವಸೆ ಬಂತು. ಉಳಿದದ್ದನ್ನು ಬರೆದುಬಿಡುವುದೇ ಮೇಲು, ಕಾಗದ ನಡುವೆ ಎದ್ದು ಹೋಗುವುದಿಲ್ಲ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಸಿಗಬೇಕಾದದ್ದು ಸಿಗಲಿಲ್ಲ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿ ನನ್ನ ಹೆಂಡತಿಯೇ ಆಕಳಿಸಿದ್ದಾಳೆ.

ಬೇಸಿಗೆ ರಜೆಯಲ್ಲಿ ಹುಡುಗರನ್ನು ಹಿಮಾಲಯಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಹದಿನೆಂಟು ಸಲ ಹೋಗಿದ್ದೇನೆ. ಹೊರಗಿನವರು ಇದನ್ನು ಕೇಳಿ "ಆಹಾ, ನಸೀಬವಾನ್!" ಎನ್ನುತ್ತಾರೆ. ಈ ನಸೀಬು ಎಂಥದೆಂದರೆ, ಮುಂಜಾನೆ ತಲೆ ಎಣಿಸಬೇಕು, ಮಧ್ಯಾಹ್ನ ತಲೆ ಎಣಿಸಬೇಕು, ಸಂಜೆ ಎಣಿಸಿದಾಗ ಒಂದು ಕಡಿಮೆ ಬಂದರೆ ಬಂದ ದಾರಿಯಲ್ಲೇ ತಿರುಗಿ ನಡೆಯಬೇಕು. ಆ ಒಂದು ತಲೆ ಯಾವುದೋ ಬಂಡೆಯ ಹಿಂದೆ ಕೂತು ತಾಯಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಯಾರಿಗೂ ಕೊಡದೆ ತಿನ್ನುತ್ತಿರುತ್ತದೆ. ಇದಲ್ಲದೆ ಹುಡುಗರ ಕಾಲಿನ ಬೊಬ್ಬೆ ಒಡೆಯುವುದು, ಪಾಯಖಾನೆಗೆ ಗುಂಡಿ ತೋಡಿಸುವುದು, ಮನೆ ನೆನೆಸಿಕೊಂಡು ಅಳುವ ಪೈಲ್ವಾನನ ಕಣ್ಣೊರೆಸುವುದು. ಹಿಮ ಕಂಡಿತೇ ಎಂದು ಕೇಳಿದರೆ, ಕಾಲಡಿ ಕಂಡಿತು.

ತಾಲೀಮಿನ ಕಥೆಯೇ ಬೇರೆ. ನಮ್ಮ ಸೀಮೆ ರೊಟ್ಟಿ ಹಂಚಿನ ಹಾಗೆ ಸಪಾಟು. ಹುಮನಾಬಾದಿನಲ್ಲಿ ಏರು ಎಂದು ಸಿಗುವುದು ಹೆದ್ದಾರಿಯ ಸೇತುವೆ ಮಾತ್ರ. ಆದ್ದರಿಂದ ಭಾನುವಾರ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋಗಿ, ಪ್ರತಿಯೊಬ್ಬನ ಬೆನ್ನಿಗೂ ಹತ್ತು ಕಿಲೋ ಜೋಳ ಕಟ್ಟಿ, ಕೋಟೆಯ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದೆ. ಒಂದು ದಿನ ಕೋಟೆ ನೋಡಲು ಬಂದ ಮುದುಕಿಯೊಬ್ಬಳು ನಮ್ಮನ್ನು ಬಹಳ ಹೊತ್ತು ನೋಡಿ, "ಜೋಳ ಹ್ಯಾಂಗ ಕೊಟ್ರೆಪ್ಪಾ?" ಎಂದು ಕೇಳಿದಳು. ಮಾರುವುದಕ್ಕಲ್ಲ, ಗುಡ್ಡ ಹತ್ತುವುದಕ್ಕೆ ಎಂದೆ. "ಜೋಳ ಹೊತ್ಕೊಂಡು ಬೀಸಾಕ ಹೋಗೂದ್ ನೋಡೀನಿ, ಬರೇ ತಿರಗಾಕ ಹೋಗೂದ್ ಇವತ್ತೇ ನೋಡಿದೆ" ಎಂದು ಹೇಳಿ ಹೋದಳು. ಈ ಹವ್ಯಾಸದ ಬಗ್ಗೆ ಇದಕ್ಕಿಂತ ಖರೆ ಮಾತನ್ನು ನಾನು ಮುಂದೆ ಯಾರ ಬಾಯಲ್ಲೂ ಕೇಳಲಿಲ್ಲ.

ಆ ತಾಲೀಮಿನಲ್ಲಿ ಪ್ರಾಂಶುಪಾಲರ ತಂಗಿಯ ಮಗನೊಬ್ಬ ಎಲ್ಲರಿಗಿಂತ ಮುಂದೆ ಹಾರುತ್ತಿದ್ದ. ಚೀಲ ನೋಡಿದರೆ ದುಂಡಗೆ, ತುಂಬಿ ತುಳುಕುವ ಹಾಗಿತ್ತು. ಉಳಿದವರಿಗೆ ನಾನು ಅವನನ್ನೇ ತೋರಿಸಿ ಬೈಯುತ್ತಿದ್ದೆ. ಮೂರನೆಯ ಭಾನುವಾರ ಅವನ ಚೀಲದ ಹೊಲಿಗೆ ಬಿಚ್ಚಿ, ಜೋಳದ ಅಳ್ಳು ಮೆಟ್ಟಿಲ ತುಂಬ ಹಾರಿತು. ಹುರಿದರೂ ಅದು ಜೋಳವೇ ಎಂದು ಅವನು ವಾದಿಸಿದ. ಈಗ ಅವನು ಒಳ್ಳೆಯ ವಕೀಲ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಕ್ಯಾಂಪಿಗೆ ಪ್ರತಿ ವರ್ಷ ಕಾಲೇಜಿನಿಂದ ಒಂದು ಆದೇಶ ಹೊರಡುತ್ತಿತ್ತು. ವಿದ್ಯಾರ್ಥಿಗಳು ಇಷ್ಟು, ಅಧ್ಯಾಪಕರು ಇಬ್ಬರು, ಕೊನೆಯ ಸಾಲಿನಲ್ಲಿ 'ಸಾಮಾನು ಕಾಯಲು ಜವಾನ ಒಬ್ಬ'. ಆ ಒಬ್ಬ ಮಲ್ಲಪ್ಪ. ಮುಡಬಿಯವನು, ಕುರಿ ಕಾಯುವ ಮನೆತನ. ಗಂಟೆ ಹೊಡೆಯುವುದು, ಚಹಾ ತರುವುದು, ಮೈದಾನಕ್ಕೆ ಸುಣ್ಣ ಹಾಕುವುದು ಅವನ ಕೆಲಸ. ಸುಣ್ಣದ ಗೆರೆ ನಾನು ಹಾಕಿದರೆ ಹಾವು ಹರಿದ ಹಾಗೆ, ಅವನು ಹಾಕಿದರೆ ದಾರ ಎಳೆದ ಹಾಗೆ. ಅವನಿಗಿಂತ ನಾನು ಆರು ತಿಂಗಳಿಗೆ ದೊಡ್ಡವನು, ಸಂಬಳದಲ್ಲಿ ಬಹಳ ದೊಡ್ಡವನು.

ನಮ್ಮ ದಾರಿ ಪ್ರತಿ ವರ್ಷ ಒಂದೇ. ಹಿಮಾಚಲದ ಒಂದು ಹಳ್ಳಿಯಿಂದ ನಾಲ್ಕು ದಿನ ನಡೆದು, ಕೊನೆಯ ಡೇರೆಯಿಂದ ಐದನೆಯ ದಿನ ಒಂದು ಖಿಂಡಿಗೆ ಹತ್ತಿ ಅದೇ ಡೇರೆಗೆ ಇಳಿಯುವುದು. ಎರಡು ಶಿಖರಗಳ ನಡುವೆ ಗುಡ್ಡ ತಗ್ಗಿ ದಾರಿ ಬಿಟ್ಟ ಜಾಗಕ್ಕೆ ನಮ್ಮ ಮರಾಠಿ ಬೆರೆತ ಮಾತಿನಲ್ಲಿ ಖಿಂಡಿ ಎನ್ನುತ್ತೇವೆ. ಅಲ್ಲಿಗೆ ಹೋಗುವಾಗ ಭಾರವೆಲ್ಲ ಕೊನೆಯ ಡೇರೆಯಲ್ಲೇ ಬಿಡಬೇಕು. ಬಿಟ್ಟದ್ದನ್ನು ಕಾಯಲು ಮಲ್ಲಪ್ಪ ಅಲ್ಲೇ ಇರಬೇಕು.

ಮೊದಲ ವರ್ಷವೇ ನಾವು ಮಾಡಿದ ತಪ್ಪನ್ನು ಭೂಮಿಯ ಮೇಲೆ ಬೇರೆ ಯಾವ ಜನವೂ ಮಾಡಲಾರದು. ಶ್ರಾವಣದಲ್ಲಿ ಪಾದಯಾತ್ರೆ ನೋಡಿ ಬೆಳೆದವರು ನಾವು. ನಮ್ಮ ಕಡೆ ನಡೆಯುವವರು ಬುತ್ತಿ ಹೊತ್ತುಕೊಂಡು ಹೋದರೆ ದಾರಿಯ ಊರುಗಳಿಗೆ ಅಪಮಾನ. ಮನ್ನಾಏಖೇಳ್ಳಿಯಲ್ಲಿ ಒಬ್ಬರು ಚಹಾ ಕೊಟ್ಟರೆ, ಮುಂದಿನ ಊರಿನಲ್ಲಿ ಉಪ್ಪಿಟ್ಟು, ಅದರ ಮುಂದಿನ ಊರಿನಲ್ಲಿ ಕಾಲಿಗೆ ಎಣ್ಣೆ. ಇದೇ ಲೆಕ್ಕದಲ್ಲಿ ನಮ್ಮ ಹುಡುಗರು ಎರಡನೆಯ ದಿನವೇ ಎದುರು ಬಂದವರಿಗೆಲ್ಲ ರೊಟ್ಟಿ, ಚಟ್ನಿಪುಡಿ, ಬೆಲ್ಲ ಹಂಚಿದರು. ಎದುರು ಬಂದವರೋ, ಇಬ್ಬರು ವಿದೇಶಿಯರು, ಒಂದು ಪಲಟಣಿನ ಜವಾನರು, ಹೇಸರಗತ್ತೆ ಹೊಡೆಯುವ ನಾಲ್ವರು. ಬ್ಯಾಡ ಎಂದವರ ಜೇಬಿಗೂ ತುರುಕಿದರು. "ಮುಂದ ಯಾರರ ನೀಡ್ತಾರ ಬಿಡ್ರಿ ಸರ" ಎಂದರು. ಭಾರ ಕಡಿಮೆಯಾಯಿತೆಂದು ನಾನೂ ಖುಷಿಪಟ್ಟು, ಉಳಿದಿದ್ದ ಅರ್ಧ ಮೂಟೆ ಅಕ್ಕಿಯನ್ನೂ ದಾರಿಯ ಕೊನೆಯ ಹಳ್ಳಿಯಲ್ಲೇ ಬಿಟ್ಟು ಬಂದೆ. ಈ ಕೊನೆಯ ಮಾತನ್ನು ನಾನು ಇದುವರೆಗೆ ಯಾವ ವರದಿಯಲ್ಲೂ ಬರೆದಿಲ್ಲ.

ಮುಂದೆ ಯಾರೂ ಇರಲಿಲ್ಲ. ಮುಂದೆ ಇದ್ದದ್ದು ಕಲ್ಲು. ನಾಲ್ಕನೆಯ ಸಂಜೆ ಮೂವತ್ತು ಹುಡುಗರು ಎರಡು ಪಾಕೀಟು ಬಿಸ್ಕೀಟಿನ ಸುತ್ತ ಕೂತರು. ಒಬ್ಬ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ, "ದಾಸೋಹದ ಡೇರೆ ಅಲ್ಲೇನಾದ್ರೂ ಕಾಣ್ತದೇನ್ರಿ?" ಎಂದು ನಿಜವಾಗಿಯೂ ಕೇಳಿದ.

ಮರುದಿನ ಮುಂಜಾನೆ ಮಲ್ಲಪ್ಪ ಒಂದು ತಿರುವು ಕೆಳಗಿದ್ದ ಕುರಿಗಾಹಿಗಳ ಹಟ್ಟಿಗೆ ಹೋದ. ಇವನ ದಖನಿ ಅವರಿಗೆ ತಿಳಿಯದು, ಅವರ ಪಹಾಡಿ ಇವನಿಗೆ ತಿಳಿಯದು. ಕುರಿಯ ಕಾಲು ಇಬ್ಬರಿಗೂ ತಿಳಿಯುತ್ತಿತ್ತು. ಕುಂಟುತ್ತಿದ್ದ ಕುರಿಗಳನ್ನು ನಮ್ಮ ಡೇರೆಯ ಹತ್ತಿರ ತರಿಸಿ, ಒಂದೊಂದಾಗಿ ಕೆಡವಿ, ಗೊರಸು ಕೆತ್ತಿ, ಸಿಕ್ಕ ಹರಳು ತೆಗೆದು ದಿನವಿಡೀ ದುಡಿದ. ಅವರು ಹಿಟ್ಟು ಕೊಟ್ಟರು, ಉಪ್ಪು ಕೊಟ್ಟರು, ಹಾಲು ಕೊಟ್ಟರು. ಅವನು ದುಡಿಯುತ್ತಿದ್ದಾಗ ನಾವು ಅವರದೇ ಮೊದಲ ಕಂತಿನ ರೊಟ್ಟಿ ತಿಂದು ಖಿಂಡಿ ಹತ್ತಿ ಬಂದೆವು. ಬಂದ ಮೇಲೆ ಅವನು ಕೈ ತೊಳೆಯುತ್ತ ಕೇಳಿದ, "ಆಚೀ ಕಡಿ ಏನ್ ಕಾಣ್ತದ್ರಿ ಸರ?"

"ಗುಡ್ಡ" ಎಂದೆ.

"ಗುಡ್ಡ ಈ ಕಡಿನೂ ಅದಾವಲ್ರಿ. ಆಚೀ ಕಡಿ ಹುಲ್ಲದನೋ, ನೀರದನೋ, ಊರ ಅದನೋ?"

ನಾನು ಬಹಳ ದಣಿದಿದ್ದೇನೆ ಎಂದೆ. ದಣಿದಿದ್ದು ನಿಜ, ಆದರೆ ಕಾರಣ ಅದಾಗಿರಲಿಲ್ಲ. ನಾನು ನೋಡಿರಲಿಲ್ಲ. ಮೇಲೆ ಹೋದ ಕೂಡಲೇ ತಲೆ ಎಣಿಸಿದೆ, ಬ್ಯಾನರ್ ಬಿಚ್ಚಿಸಿದೆ, ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಸಿದೆ. ಫೋಟೋದಲ್ಲಿ ಆಚೆ ಕಡೆಯ ನೋಟ ಹಿಂದೆ ಬರಬೇಕಲ್ಲ, ಹಾಗಾಗಿ ಎಲ್ಲರೂ ಅದಕ್ಕೆ ಬೆನ್ನು ಮಾಡಿ ನಿಂತಿದ್ದೆವು.

ಮಲ್ಲಪ್ಪ ಇದನ್ನು ಸುಮ್ಮನೆ ಕುತೂಹಲಕ್ಕೆ ಕೇಳಿದ್ದಲ್ಲ. ಒಮ್ಮೆ ತಾನಾಗಿ ಹೇಳಿದ್ದ. "ಕುರಿ ಬಿಡೂ ಮೊದ್ಲ ದಿಬ್ಬದ ಆಚೀ ಕಡಿ ನೋಡಿ ಬಾ ಅಂತಿದ್ದ ನಮ್ಮಪ್ಪ. ಸಣ್ಣಾಂವ ಇದ್ದಾಗಿಂದ ಅದೇ ರೂಢಿ. ನೋಡಲಾರದ ದಿಬ್ಬದ ಬುಡಕ್ಕ ಮಲಗಿದ್ರ ನನಗ ನಿದ್ದಿ ಹತ್ತಾಂಗಿಲ್ರಿ ಸರ. ಒಮ್ಮಿ ಹೋಗಿ ಬರ್ತೀನ್ರಿ, ಒಮ್ಮಿ."

ಆಗ ನಾನು ಅವನಿಗೆ ಒಂದು ಮಾತು ಹೇಳಿದೆ. ಪಾದಯಾತ್ರೆಯವರಿಗೆ ಉಣ್ಣಲು ಇಡುವವರು ನಮ್ಮಲ್ಲಿ ಹೇಳುವ ಮಾತು ಅದು. "ನಡದವಗ ಎಷ್ಟ್ ಪುಣ್ಯ ಅದನೋ ನೀಡಿದವಗೂ ಅಷ್ಟೇ ಪುಣ್ಯ ಮಲ್ಲಪ್ಪ." ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಮರುವರ್ಷವೂ ಅದನ್ನೇ ಹೇಳಿದೆ. ಅದರ ಮರುವರ್ಷವೂ. ಪುಣ್ಯವನ್ನು ಇಷ್ಟು ಸಲೀಸಾಗಿ ಹಂಚುವ ಅಧಿಕಾರ ಪಿಟಿ ಮಾಸ್ತರನಿಗೆ ಯಾರು ಕೊಟ್ಟರೋ ಗೊತ್ತಿಲ್ಲ.

ಐದನೆಯ ವರ್ಷ ಪ್ರಾಂಶುಪಾಲರು ತಾವೇ ಬಂದರು. ಮೇಲಧಿಕಾರಿ ಜೊತೆಗೆ ಬರುವ ಕ್ಯಾಂಪಿಗೆ ಹೋಗುವುದಕ್ಕಿಂತ ಕ್ಯಾಂಪಿಲ್ಲದೆ ಇರುವುದು ವಾಸಿ, ಇದನ್ನು ಹೊಸಬರು ಬರೆದಿಟ್ಟುಕೊಳ್ಳಬೇಕು. ಸಫಾರಿ ಸೂಟು, ಬಿಸಿನೀರಿನ ರಬ್ಬರ್ ಚೀಲ, ಒಂದು ಮಡಿಸುವ ಖುರ್ಚಿ ತಂದಿದ್ದರು. ಕೊನೆಯ ಡೇರೆಯವರೆಗೆ ಖುರ್ಚಿಯನ್ನು ಹೊತ್ತವನು ಮಲ್ಲಪ್ಪ. ಖಿಂಡಿಯ ಮೇಲೆ ಗಾಳಿ ಬ್ಯಾನರನ್ನು ಮೂರು ಸಲ ತಿರುವಿ ಹಾಕಿತು, ಮೂರು ಸಲವೂ ಅಕ್ಷರ ತಲೆಕೆಳಗು. ಮುಕ್ಕಾಲು ತಾಸು ಅವರು ಫೋಟೋಕ್ಕೆಂದು ಬಲಗೈ ಮೇಲೆತ್ತಿಯೇ ನಿಂತಿದ್ದರು. ಇಳಿದು ಬಂದಾಗ ಮಲ್ಲಪ್ಪ ಚಹಾ ಕೊಟ್ಟು ಅವರನ್ನೂ ಅದನ್ನೇ ಕೇಳಿದ. "ಏನ್ ಇರ್ತದೋ ಮಾರಾಯಾ ಅಲ್ಲಿ? ಥಂಡಿ ಅದ" ಎಂದರು. ಮುಂದಿನ ವಾರ ಪತ್ರಿಕೆಯಲ್ಲಿ 'ಹಿಮಾಲಯ ಜಯಿಸಿದ ಪ್ರಾಂಶುಪಾಲರು' ಎಂದು ಬಂತು. ಹಿಮಾಲಯ ತಾನು ಸೋತ ಸುದ್ದಿಯನ್ನು ಇನ್ನೂ ಓದಿರಲಿಕ್ಕಿಲ್ಲ.

ವರ್ಷ ಕಳೆದಂತೆ ಪದ್ಧತಿಗಳು ಬದಲಾದವು. ಮೊದಮೊದಲು ನಾವು ಹೊದಿಕೆಯನ್ನು ಗಂಟು ಕಟ್ಟಿ, ಹಗ್ಗ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆವು. ಆಮೇಲೆ ಸೈನಿಕರ ಹಳೆಯ ಚೀಲ ಬಂದವು, ಅವುಗಳ ವಾಸನೆಗೆ ಹುಲಿಯೂ ಹತ್ತಿರ ಬರುತ್ತಿರಲಿಲ್ಲ. ಈಗ ಸೊಂಟಕ್ಕೊಂದು ಪಟ್ಟಿ, ಎದೆಗೊಂದು ಪಟ್ಟಿ, ಎದೆಯ ಪಟ್ಟಿಯಲ್ಲಿ ಒಂದು ಸೀಟಿ. ಮೊದಲು ನಾನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ನಕಾಶೆ ನೋಡಿ ದಾರಿ ತಪ್ಪುತ್ತಿದ್ದೆ. ಕೊನೆಕೊನೆಗೆ ಹುಡುಗರು ಫೋನ್ ನೋಡಿ ದಾರಿ ತಪ್ಪುತ್ತಿದ್ದರು. ಒಬ್ಬನ ಕೈಗಡಿಯಾರ ಮುಂಜಾನೆ ಎದ್ದ ಕೂಡಲೇ ಅವನಿಗೆ ನಿದ್ದೆ ಸರಿಯಾಗಿಲ್ಲ ಎಂದು ತಿಳಿಸುತ್ತಿತ್ತು. ಅಲ್ಲಿಯವರೆಗೆ ಚೆನ್ನಾಗಿದ್ದವನು ಅದನ್ನು ಓದಿ ದಿನವಿಡೀ ಸುಸ್ತು ಎನ್ನುತ್ತಿದ್ದ. ಇನ್ನೊಬ್ಬ ರೀಲು ಮಾಡಲು ಒಂದೇ ಹಳ್ಳವನ್ನು ಏಳು ಸಲ ದಾಟಿದ. ಏಳನೆಯ ಸಲ ಬಿದ್ದ. ಆ ರೀಲನ್ನೇ ಜನ ಹೆಚ್ಚು ನೋಡಿದರಂತೆ.

ಇಷ್ಟೆಲ್ಲ ನಗಾಡಿದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಹತ್ತಿ ಇಳಿದವರು ಪ್ರತಿಯೊಬ್ಬರೂ ರೈಲಿನಲ್ಲಿ ಕೂತು, "ಇನ್ನೊಮ್ಮಿ ಬಂದ್ರ ನಮ್ಮಪ್ಪನ ಮಗಾ ಅಲ್ಲ" ಎಂದು ಆಣೆ ಮಾಡುತ್ತಿದ್ದರು. ದೀಪಾವಳಿ ಮುಗಿಯುತ್ತಲೇ ಅವರೇ ನನ್ನ ಕೋಣೆಯ ಬಾಗಿಲಲ್ಲಿ ಇಣುಕಿ, "ಸರ, ಈ ಸಲ ಯಾವಾಗ್ರಿ?" ಎನ್ನುತ್ತಿದ್ದರು. ನಾನೂ ಹಾಗೇ. ಸ್ಟಾಫ್ ರೂಮಿನಲ್ಲಿ ಯಾರ ಖುರ್ಚಿ ಕಿಟಕಿಯ ಹತ್ತಿರ ಎಂಬುದಕ್ಕೆ ಮೂರು ವರ್ಷ ಜಗಳಾಡಿದವನು ನಾನು. ಬದುಕಲು ಬೇಕಾದದ್ದೆಲ್ಲ ಬೆನ್ನ ಮೇಲೆ ಬಂದ ಎರಡನೆಯ ದಿನ ಆ ಖುರ್ಚಿಯ ನೆನಪೇ ಬರುತ್ತಿರಲಿಲ್ಲ. ಒಂದು ತುತ್ತು ಬಿಸಿ ಅನ್ನ, ಒಣಗಿದ ಕಾಲುಚೀಲ, ಇವೆರಡು ಸಿಕ್ಕರೆ ರಾಜ. ಅಷ್ಟು ಕಡಿಮೆಯಲ್ಲಿ ಅಷ್ಟು ಸಂತೋಷವಾಗಿ ನಾನು ಬೇರೆಲ್ಲೂ ಇರಲಿಲ್ಲ. ಮನೆಯಲ್ಲಿ ಇದನ್ನು ಹೇಳಿದಾಗ, ಹಾಗಾದರೆ ಇನ್ನು ಮೇಲೆ ಪಲ್ಯ ಮಾಡುವುದಿಲ್ಲ ಎಂದಳು ಹೆಂಡತಿ.

ಈಗ ಬರೆಯಲು ಮನಸ್ಸಿಲ್ಲದ ಸಂಗತಿ. ಹನ್ನೊಂದನೆಯ ವರ್ಷ ಹುಮನಾಬಾದಿನ ಬಸ್ ನಿಲ್ದಾಣದಲ್ಲೇ ನಾನು ಮಲ್ಲಪ್ಪನಿಗೆ ಮಾತು ಕೊಟ್ಟೆ. "ಈ ಸಲ ನೀ ಮ್ಯಾಲ ಹೋಗೂದ್ ಪಕ್ಕಾ." ಅವನು ನಾಲ್ಕು ದಿನ ಹಾಡಿಕೊಂಡು ನಡೆದ. ಯಾರಿಂದಲೋ ಒಂದು ಜೋಡಿ ಬೂಟು ಕೇಳಿ ತಂದಿದ್ದ. ಅಳತೆ ದೊಡ್ಡದು, ಕಾಲು ಜಾರಬಾರದೆಂದು ಮುಂದೆ ಅರಿವೆ ತುರುಕಿದ್ದ. ಐದನೆಯ ದಿನ ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು, ಚಹಾ ಮಾಡಿ ಕೊಟ್ಟು, ಬೂಟಿನ ದಾರ ಬಿಗಿದು, ಸಾಲಿನ ಕೊನೆಯಲ್ಲಿ ನಿಂತ. ಆಗ ನನ್ನ ಜೊತೆಗಿದ್ದ ಗಣಿತದ ಮಾಸ್ತರರು ಕೇಳಿದರು, "ಸಾಮಾನ್ ಯಾರ್ ಕಾಯೋರು? ನನ್ನ ಕ್ಯಾಮೆರಾದ ಡಬ್ಬಿ ಒಳಗದ. ಹೋದ್ರ ಜಿಮ್ಮೇದಾರಿ ಯಾರದು?"

ಡೇರೆಯ ಸುತ್ತ ಕಣ್ಣಿಗೆ ಕಾಣುವಷ್ಟು ದೂರ ಮನುಷ್ಯನ ಸುಳಿವಿರಲಿಲ್ಲ. ಗಣಿತದ ಮಾಸ್ತರರನ್ನೇ ಬಿಟ್ಟು ಹೋಗಬಹುದಾಗಿತ್ತು, ಅವರಿಗೆ ಎರಡು ದಿನದಿಂದ ಹೊಟ್ಟೆ ಸರಿಯಿರಲಿಲ್ಲ. ನಾನೇ ಉಳಿಯಬಹುದಾಗಿತ್ತು. ಆದರೆ ಆದೇಶದಲ್ಲಿ ಸಾಮಾನು ಕಾಯುವುದನ್ನು ಬರೆದದ್ದು ಯಾರ ಪಾಲಿಗೆ? ನಾನು ಮಲ್ಲಪ್ಪನ ಕಡೆ ನೋಡಿದೆ, ಅಷ್ಟೇ. ಅವನು ಸಾಲು ಬಿಟ್ಟು ಪಕ್ಕಕ್ಕೆ ಬಂದು ಒಂದು ಕಲ್ಲಿನ ಮೇಲೆ ಕೂತು ದಾರ ಬಿಚ್ಚತೊಡಗಿದ. "ಮುಂದಿನ ವರ್ಸ" ಎಂದೆ. "ಹೌದ್ರಿ ಸರ" ಎಂದ. ಪುಣ್ಯದ ಮಾತು ಹೇಳಲು ಅವತ್ತು ನನಗೂ ನಾಲಗೆ ಏಳಲಿಲ್ಲ. ನನ್ನ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳು ಹಲವಿವೆ, ಅಕ್ಕಿ ಬಿಟ್ಟು ಬಂದದ್ದು ಕೂಡ. ಇದು ತಪ್ಪಲ್ಲ, ಅನ್ಯಾಯ. ಗೊತ್ತಿದ್ದು ಮಾಡಿದ್ದು.

ಮುಂದಿನ ವರ್ಷ ಹಿಮ ಜಾಸ್ತಿ ಬಿದ್ದಿತ್ತು, ಅದರ ಮುಂದಿನ ವರ್ಷ ಹುಡುಗಿಯರು ಜಾಸ್ತಿ ಬಂದಿದ್ದರು, ಅದರ ಮುಂದಿನ ವರ್ಷ ಏನೋ ಒಂದು. ಕಾರಣಗಳಿಗೆ ನಮ್ಮ ಇಲಾಖೆಯಲ್ಲಿ ಎಂದೂ ಬರಗಾಲವಿರಲಿಲ್ಲ. ಮಲ್ಲಪ್ಪ ಪ್ರತಿ ವರ್ಷ ಬಂದ. ಕರೆದಾಗ ಒಮ್ಮೆಯೂ ಬರುವುದಿಲ್ಲ ಎನ್ನಲಿಲ್ಲ. ರಜೆಯಲ್ಲಿ ಮನೆಯಲ್ಲಿರುವುದು ಬಿಟ್ಟು ಈ ಥಂಡಿಗೆ ಯಾಕೆ ಬರುತ್ತಾನೆ, ಎಂಥ ಪೆದ್ದ ಎಂದು ಗಣಿತದ ಮಾಸ್ತರರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಇಬ್ಬರೂ ಆರು ತಿಂಗಳ ಅಂತರದಲ್ಲಿ ನಿವೃತ್ತರಾದೆವು. ಅವನ ಬೀಳ್ಕೊಡುಗೆಗೆ ನನ್ನನ್ನು ಕರೆದಿದ್ದರು. ಮೈಕು ಸಿಕ್ಕರೆ ಬಿಡುವ ಜಾತಿ ನನ್ನದಲ್ಲ. ಅವನ ಸೇವೆ, ನಿಷ್ಠೆ, ತ್ಯಾಗ ಎಲ್ಲ ಹೊಗಳಿ, ಕೊನೆಗೆ ಅದೇ ಪುಣ್ಯದ ಮಾತು ಹೇಳಿ ಚಪ್ಪಾಳೆ ಹೊಡೆಸಿಕೊಂಡೆ. ಮುಂದಿನ ಸಾಲಿನಲ್ಲಿ ಮಲ್ಲಪ್ಪನ ಹೆಂಡತಿ ನಾಗಮ್ಮ ಕೂತಿದ್ದಳು. ಅವಳೊಬ್ಬಳು ಚಪ್ಪಾಳೆ ಹೊಡೆಯಲಿಲ್ಲ. ಮಡಿಲಲ್ಲಿ ಶಾಲು, ಹಣ್ಣಿನ ಬುಟ್ಟಿ ಇದ್ದವು, ಕೈ ಖಾಲಿ ಇರಲಿಲ್ಲ ಎಂದುಕೊಂಡೆ.

ಹೋದ ವರ್ಷ ಬೇಸಿಗೆಯಲ್ಲಿ ಮಲ್ಲಪ್ಪ ಫೋನ್ ಮಾಡಿದ. "ಸರ, ನಾನೂ ನಮ್ಮ ನಾಗಮ್ಮನೂ ಖಿಂಡಿಗಿ ಹೊಂಟೀವ್ರಿ. ನೀವೂ ಬರ್ರಿ." ಯಾವ ಆದೇಶವೂ ಇಲ್ಲದೆ ಹಿಮಾಲಯಕ್ಕೆ ಹೋಗಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಮೊಣಕಾಲಿಗೆ ಪಟ್ಟಿ ಹಾಕಿಕೊಂಡು ಹೊರಟೆ. ನನ್ನ ಚೀಲದಲ್ಲಿ ಗುಳಿಗೆ, ಎಣ್ಣೆ, ಎರಡು ಟಾರ್ಚು, ಗಾಳಿ ತುಂಬುವ ತಲೆದಿಂಬು. ಅವರಿಬ್ಬರಿಗೆ ಸೇರಿ ಎರಡು ಕಂಬಳಿ, ಒಂದು ಪುಟ್ಟ ಡೇರೆ, ಒಣಗಿಸಿದ ಕಟಕ ರೊಟ್ಟಿಯ ಒಂದು ಗಂಟು. ನಾಗಮ್ಮ ಸೀರೆಯನ್ನು ಕಚ್ಚೆ ಹಾಕಿ, ಕ್ಯಾನ್ವಾಸ್ ಬೂಟು ಹಾಕಿದ್ದಳು. ಹೊಲದ ಬದುವಿನ ಮೇಲೆ ನಡೆದ ಹಾಗೆ ನಡೆದಳು, ಒಮ್ಮೆಯೂ ಎಷ್ಟು ಎತ್ತರ ಬಂದೆವು ಎಂದು ಕೇಳಲಿಲ್ಲ. ದಾರಿಯಲ್ಲಿ ಸಿಕ್ಕ ಕುರಿಗಾಹಿಗಳು ಮಲ್ಲಪ್ಪನನ್ನು ಗುರುತು ಹಿಡಿದು ತಬ್ಬಿಕೊಂಡರು. ನನ್ನನ್ನು ಯಾರೂ ಗುರುತಿಸಲಿಲ್ಲ.

ಐದನೆಯ ದಿನ ಮುಂಜಾನೆ ನಾನು ಬೂಟು ಹಾಕಿಕೊಂಡು ಹೊರಗೆ ಬಂದರೆ, ನಾಗಮ್ಮ ಒಲೆಯ ಹತ್ತಿರದಿಂದ ಎದ್ದು ಸೌಟನ್ನು ನನ್ನ ಕೈಗೆ ಕೊಟ್ಟಳು.

"ಸರ, ನೀವ್ ಇಲ್ಲೇ ಕೂಡ್ರಿ. ಸಾಮಾನ ಕಾಯ್ರಿ, ನಾವ್ ಬರೂದ್ರೊಳಗ ಅನ್ನ ಮಾಡ್ರಿ. ನೀಡಿದವಗೂ ಅಷ್ಟೇ ಪುಣ್ಯ ಅಂತ ಮೈಕಿನ್ಯಾಗ ಹೇಳಿದ್ರಲ್ಲ? ಇವ ಇಷ್ಟ್ ವರ್ಸ ಗಳಿಸ್ಯಾನ, ನೀವೂ ಒಂದ್ ದಿನ ಗಳಿಸ್ರಿ."

ಮಲ್ಲಪ್ಪ ಸಂಕೋಚದಿಂದ, "ಏ, ಸುಮ್ನಿರ" ಎಂದ. ಆದರೆ ಸೌಟನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ನಾನು ಕೂತೆ.

ಅವರಿಬ್ಬರೂ ಹತ್ತುವುದನ್ನು ಬಹಳ ಹೊತ್ತು ನೋಡಿದೆ. ಎರಡು ಚುಕ್ಕೆಯಾದರು, ಆಮೇಲೆ ಅದೂ ಇಲ್ಲ. ಆ ದಿನ ಎಷ್ಟು ಉದ್ದವಿತ್ತೆಂದು ಹೇಳಲು ಬರುವುದಿಲ್ಲ. ಪಾತ್ರೆ ತೊಳೆದರೆ ನೀರು ಬೆರಳು ಕಚ್ಚುತ್ತದೆ, ಒಲೆ ಹಚ್ಚಿದರೆ ಗಾಳಿ ಆರಿಸುತ್ತದೆ. ಅನ್ನ ಕೆಳಗೆ ಸೀದು ಮೇಲೆ ಅಕ್ಕಿಯಾಗಿತ್ತು. ಮೂರು ಚೀಲಗಳನ್ನು ಸಾಲಾಗಿ ಇಟ್ಟು ನಾಯಿಯ ಹಾಗೆ ಕಾದೆ. ಮೋಡ ಬಂದಾಗ ಆ ಇಬ್ಬರಿಗೆ ಏನಾಯಿತೋ ಎಂದು ಹುಬ್ಬಿಗೆ ಕೈ ಹಿಡಿದು ಮೇಲೆ ನೋಡಿದೆ. ಎದ್ದು ಹೋಗಿ ನೋಡೋಣವೆಂದರೆ ಸಾಮಾನು. ಪ್ರತಿ ವರ್ಷ ಮೂವತ್ತು ಮಂದಿಗಾಗಿ ಅವನು ಇಲ್ಲಿ ಹೀಗೆ ಕೂತಿದ್ದ, ಆ ಮೇಲೆ ಮೂವತ್ತು ಮಂದಿಯ ತಾಟನ್ನೂ ತೊಳೆದಿದ್ದ. ನಾನು ಒಮ್ಮೆಯೂ ಕೇಳಿರಲಿಲ್ಲ.

ಹೊತ್ತು ಇಳಿಯುವಾಗ ಬಂದರು. ನಾಗಮ್ಮನ ಮುಖ ಬಿಸಿಲಿಗೆ ಕೆಂಪಾಗಿತ್ತು. ಮಲ್ಲಪ್ಪ ಬೂಟು ಬಿಚ್ಚಿ ಕೂತ. ನಾನು ತಾಟಿಗೆ ಹಾಕಿದ ಅನ್ನವನ್ನು ಸೀದಲು ಸಮೇತ ತಿಂದ. ಇನ್ನೊಮ್ಮೆ ನೀಡಿದೆ, ಅದನ್ನೂ ತಿಂದ. ಆಮೇಲೆ ತಾನಾಗಿ ಶುರು ಮಾಡಿದ. ಆಚೆ ಕಡೆ ಮೂರು ಹಳ್ಳ ಕೂಡುತ್ತವಂತೆ, ಅದರಲ್ಲಿ ಒಂದರ ನೀರು ಹಾಲಿನ ಬಣ್ಣ. ಎಡಕ್ಕೆ ಹಸಿರು ಮೇವು, ಬಲಕ್ಕೆ ಬರೀ ಬೋಳು, ಹಾಗಾಗಿ ಕುರಿಯನ್ನು ಎಡಕ್ಕೇ ಇಳಿಸಬೇಕು. ಕೆಳಗೆ ನಾಲ್ಕು ಮನೆ, ಒಂದರಲ್ಲಿ ಹೊಗೆ ಏಳುತ್ತಿತ್ತು. ಅಲ್ಲಿಂದ ಒಂದು ದಾರಿ ಇನ್ನೊಂದು ಖಿಂಡಿಗೆ ಹತ್ತುತ್ತದೆ. ನೆಲದ ಮೇಲೆ ಕಡ್ಡಿಯಿಂದ ಎಲ್ಲ ಬರೆದು ತೋರಿಸಿದ. ಹದಿನೆಂಟು ಸಲ ಅಲ್ಲಿ ನಿಂತು ಬಂದವನು ನಾನು, ಮಗ್ಗಿ ಕೇಳುವ ಮಗುವಿನ ಹಾಗೆ ಕೂತು ಕೇಳಿದೆ. ನನಗೆ ಬಹಳ ನಾಚಿಕೆಯಾಯಿತು.

"ನಾಳಿ ಮುಂಜಾನಿ ಮೂವರೂ ಕೂಡಿ ಹೋಗೂನ್ರಿ ಸರ. ನೀವೂ ನೋಡೀರಂತ" ಎಂದ.

"ಸಾಮಾನು?" ಎಂದೆ. ರೂಢಿ.

ನಾಗಮ್ಮ ನಕ್ಕುಬಿಟ್ಟಳು. ಮಲ್ಲಪ್ಪ ಹೇಳಿದ, "ಡೇರೆ ಬಾಗಲಾ ಕಟ್ಟಿ ಎರಡ್ ಕಲ್ಲ ಇಟ್ರ ಆತ್ರಿ. ಇಲ್ಲಿಗಿ ಯಾವ ಕಳ್ಳ ಬರ್ತಾನ? ಹದಿನೆಂಟ್ ವರ್ಸದಾಗ ಒಂದ್ ನರಪಿಳ್ಳಿ ಬಂದ್ ಮುಟ್ಟಿಲ್ಲ. ಇಲ್ಲಿ ಸಾಮಾನ ಕಾಯೂ ಜರೂರತ್ತೇ ಇಲ್ರಿ."

ನನಗೆ ಸಿಟ್ಟೇ ಬಂತು. "ಇದು ನಿನಗ ಮೊದ್ಲೇ ಗೊತ್ತಿತ್ತೇನು?"

"ಮೊದಲನೇ ವರ್ಸೇ ಗೊತ್ತಾತ್ರಿ."

"ಮತ್ತ ಯಾಕ ಹೇಳಲಿಲ್ಲ? ಹೇಳಿದ್ರ ಆವಾಗೇ ಮ್ಯಾಲ ಹೋಗ್ತಿದ್ದಿ!"

ಅವನು ಕಡ್ಡಿಯಿಂದ ಬರೆದ ಹಳ್ಳಗಳನ್ನು ನೋಡುತ್ತ ಮೆಲ್ಲಗೆ ಹೇಳಿದ, "ಕಾಯಾಕ ಮನಷ್ಯಾ ಬ್ಯಾಡ ಅಂತ ಗೊತ್ತಾಗಿದ್ರ, ನೀವು ಆ ಕಾಗದದಾಗಿಂದ ನನ್ ಸಾಲೇ ಹೊಡದ್ ಹಾಕ್ತಿದ್ರಿ ಸರ. ಆಮ್ಯಾಲ ಇಲ್ಲೀ ತನಕರ ನನ್ನ ಯಾರ್ ಕರ್ಕೊಂಡ್ ಬರ್ತಿದ್ರು?"

ಅವನು ಹೇಳಿದ್ದು ಖರೆ. ಮರುವರ್ಷವೇ ಹೊಡೆದು ಹಾಕುತ್ತಿದ್ದೆ.